ದುಂಡನೆಯ ಅಕ್ಷರ

ನನ್ನ ಅಕ್ಷರ ದುಂಡಗಿದೆ. ಈ ಒಂದು ಗುಣದಿಂದ ನನಗೆ ಒದಗಿದ ಕಷ್ಟಗಳನ್ನೆಲ್ಲ ಬರೆಯಹೊರಟರೆ ಈ ಪುರವಣಿಯ ಪುಟಗಳು ಸಾಲಲಾರವು. ಊರಿನಲ್ಲಿ ಯಾರ ಮನೆಯ ಮದುವೆಯಾಗಲಿ, ಲಗ್ನಪತ್ರಿಕೆಯ ಮೇಲೆ ವಿಳಾಸ ಬರೆಯುವವನು ನಾನು. ಯಾರು ನಿವೃತ್ತರಾಗಲಿ, ಮಾನಪತ್ರ ಬರೆಯುವವನೂ ನಾನೇ. ಈಗೀಗ ಮಾನಪತ್ರವನ್ನು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿ ಗಾಜಿನ ಕಟ್ಟು ಹಾಕಿಸುತ್ತಾರಾದರೂ ಒಕ್ಕಣೆ ಮಾತ್ರ ನನ್ನದೇ ಆಗಬೇಕು. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಎಲೆಮರೆಯ ಕಾಯಿ’, ‘ಅಜಾತಶತ್ರು’ ಎಂಬ ಮೂರು ಮಾತುಗಳನ್ನು ಹಿಂದುಮುಂದು ಮಾಡುತ್ತ ಇಪ್ಪತ್ತು ವರ್ಷ ನೂಕಿದ್ದೇನೆ. ನಮ್ಮ ಬ್ಯಾಡಗಿಯ ಮೆಣಸಿನಕಾಯಿಯ ಗುಣವೇ ನನ್ನ ಮಾನಪತ್ರಗಳಿಗೂ ಬಂದಿದೆ: ಬಣ್ಣ ಬಹಳ, ಖಾರ ಕಡಿಮೆ. ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನನ್ನ ಒಕ್ಕಣೆಗೆ ಇನ್ನೂ ದೊರೆತಿಲ್ಲ.

ಹೀಗಿರಲು ಒಂದು ಸಂಜೆ ಮೂವರು ತರುಣರು ಮನೆಗೆ ಬಂದರು. ಒಬ್ಬ ಹಾವೇರಿಯವನು, ಒಬ್ಬ ರಾಣೆಬೆನ್ನೂರಿನವನು, ಇನ್ನೊಬ್ಬ ನಮ್ಮೂರಿನವನೇ. ಈ ಮೂರು ಊರುಗಳೂ ಒಂದೇ ರೈಲುಹಳಿಯ ಮೇಲಿವೆ. ಹುಬ್ಬಳ್ಳಿಯ ಕಡೆಯಿಂದ ಬಂದರೆ ಮೊದಲು ಹಾವೇರಿ, ನಡುವೆ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಹಳಿ ಒಂದಾದರೂ ಮೂರೂರಿನವರು ಒಂದು ಮಾತಿಗೆ ಕೂಡಿಬರುವುದು ಅಪರೂಪ. ಏನು ವಿಶೇಷವೆಂದು ಕೇಳಿದೆ.

“ನಮ್ಮ ಭಾಗದಾಗ ಬ್ಯಾಸ್ಕೆಟ್‌ಬಾಲ್ ಆಡಿದವರು, ಕಲಿಸಿದವರು, ಆಟಕ್ಕಂತ ದುಡಿದವರು, ಎಲ್ಲಾರನ್ನೂ ಕರದು ಹಾವೇರ್‍ಯಾಗ ಸನ್ಮಾನ ಮಾಡಬೇಕಂತ ಮಾಡೇವ್ರಿ. ಮಾನಪತ್ರ ನೀವ ಬರದುಕೊಡಬೇಕ್ರಿ” ಎಂದರು.

ಪಟ್ಟಿ ಕೈಗೆ ಬಂತು. ಮೊದಲನೆಯ ಹೆಸರನ್ನು ಓದಿದವನೇ ಚಹ ತರುತ್ತೇನೆಂದು ಒಳಗೆ ಎದ್ದುಹೋದೆ. ಚಹ ಆಗಲೇ ಅವರ ಮುಂದಿತ್ತು.

ಆ ಹೆಸರು ನಮ್ಮ ಸರ್ ಅವರದು. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದುದು 1980ರಲ್ಲಿ. ಆಗ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯೊಳಗಿದ್ದವು, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಶಾಲೆ ಯಾವುದೆಂದು ಹೇಳುವುದಿಲ್ಲ. ಸರ್ ಅಲ್ಲಿ ಡ್ರಿಲ್ ಕಲಿಸುತ್ತಿದ್ದರು. ಕೆಲಸ ಹಂಗಾಮಿ, ಸಂಬಳ ಅಷ್ಟಕ್ಕಷ್ಟೆ. ಶಾಲೆಯ ಹಿಂದಿನ ಬಯಲಿನಲ್ಲಿ ಎರಡು ಮರದ ಕಂಬ ನೆಡಿಸಿ, ಕಮ್ಮಾರನಿಂದ ಕಬ್ಬಿಣದ ಬಳೆ ಮಾಡಿಸಿ, ಸುಣ್ಣದ ಗೆರೆಗಳನ್ನು ತಾವೇ ಎಳೆದು ನಮಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದರು. ಬಳೆ ನೆಲದಿಂದ ಹತ್ತು ಅಡಿ ಎತ್ತರಕ್ಕಿರಬೇಕು. ಮಳೆಗಾಲದಲ್ಲಿ ಕಂಬ ಒಂದಿಷ್ಟು ಕುಸಿದರೆ ಮತ್ತೆ ಅಗೆದು ಎತ್ತಿಸುತ್ತಿದ್ದರು. ಮಳೆ ಬಂದು ಗೆರೆ ಅಳಿಸಿದರೆ ಮತ್ತೆ ಸುಣ್ಣದ ಬಕೆಟ್ಟು ಹಿಡಿಯುತ್ತಿದ್ದರು.

ಅವರು ಹೇಳುತ್ತಿದ್ದ ಕಥೆಯೊಂದು ಈಗಲೂ ನೆನಪಿದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು, ಚಳಿಗಾಲದಲ್ಲಿ ಮನೆಯೊಳಗೆ ಆಡಲು ಹುಡುಗರಿಗೊಂದು ಆಟ ಬೇಕೆಂದು ಇದನ್ನು ಹೂಡಿದರು. ಚೌಕದ ಡಬ್ಬಿ ಎರಡು ತಾ ಎಂದರೆ ಅಲ್ಲಿಯ ಜವಾನ ಪೀಚ್ ಹಣ್ಣಿನ ಬುಟ್ಟಿ ಎರಡನ್ನು ತಂದುಕೊಟ್ಟ. ಬುಟ್ಟಿಗೆ ಬುಡವಿತ್ತು. ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕಾಗುತ್ತಿತ್ತು. “ಚೆಂಡ ಹಾಕಿದಾವಗ ಚಪ್ಪಾಳಿ. ಏಣಿ ಹತ್ತಿ ಇಳಿದಾವಗ ಏನ ಸಿಕ್ತು, ಹೇಳ್ರಲೇ ನೋಡೋಣು?” ಎಂದು ಕೇಳುತ್ತಿದ್ದರು. ನಾವು ನಗುತ್ತಿದ್ದೆವು.

ಅದೇ ವರ್ಷ ಮಾಸ್ಕೋ ಒಲಿಂಪಿಕ್ಸಿನಲ್ಲಿ ಭಾರತದ ಬ್ಯಾಸ್ಕೆಟ್‌ಬಾಲ್ ತಂಡ ಆಡಿತು. ಹಲವು ದೇಶಗಳು ಬಹಿಷ್ಕಾರ ಹಾಕಿದ್ದರಿಂದ ದೊರೆತ ಅವಕಾಶ. ಆಡಿದ ಪಂದ್ಯಗಳನ್ನೆಲ್ಲ ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ ಬಂದರು. ನಾವು ಹುಡುಗರು ಮುಖ ಬಾಡಿಸಿಕೊಂಡರೆ ಸರ್ ಪತ್ರಿಕೆಯ ತುಣುಕನ್ನು ಜೋಪಾನವಾಗಿ ಮಡಿಸಿ ಕಿಸೆಯಲ್ಲಿಟ್ಟುಕೊಂಡು, “ಹೋಗಿ ಆಡಿದ್ರಲ್ಲ!” ಎಂದರು.

ನಮ್ಮ ತಂದೆಯವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. “ಬುಟ್ಟ್ಯಾಗ ಚೆಂಡ ಒಗದ್ರ ಹೊಟ್ಟಿ ತುಂಬತೈತೇನು? ಬುಟ್ಟ್ಯಾಗ ಮೆಣಸಿನಕಾಯಿ ತುಂಬೂದ ಕಲಿ” ಎನ್ನುವವರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತ ಹೋಯಿತು. ನನ್ನಂತೆ ಇನ್ನೂ ಕೆಲವರಿಗೆ ಹೋಗಿತ್ತು. ಪಾಲಕರು ಹತ್ತು ಹನ್ನೊಂದು ಮಂದಿ ನಮ್ಮ ಅಂಗಡಿಯಲ್ಲಿ ಸೇರಿ ಆಡಳಿತ ಮಂಡಳಿಗೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದರು. ಬರೆಯಲು ಚೆಂದದ ಅಕ್ಷರ ಬೇಕಲ್ಲ! ತಂದೆಯವರು ನನ್ನನ್ನು ಕರೆದರು.

‘ಸದರಿ ಶಿಕ್ಷಕರು ದೀಪ ಹಚ್ಚುವ ಹೊತ್ತಾದರೂ ಮಕ್ಕಳನ್ನು ಬಯಲಿನಲ್ಲಿ ಆಡಿಸುತ್ತ ಅವರ ವಿದ್ಯಾಭ್ಯಾಸಕ್ಕೆ ಕುಂದು ತರುತ್ತಿದ್ದಾರಾದ್ದರಿಂದ...’ ಎಂದು ಒಂದೂ ತಪ್ಪಿಲ್ಲದೆ ಬರೆದುಕೊಟ್ಟೆ.

ತಂದೆಯವರ ಭಯದಿಂದ ಬರೆದೆನೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ನಿಜ. ಅದರ ಹಿಂದಿನ ವಾರ ನಡೆದ ಪಂದ್ಯದಲ್ಲಿ ಸರ್ ನನ್ನನ್ನು ಆಡಿಸದೆ ಕೊನೆಯ ತನಕ ಕೂರಿಸಿದ್ದರು. ಆ ಸಿಟ್ಟು ಲೇಖನಿಯಲ್ಲಿತ್ತು. ‘ಕುಂದು’ ಎಂಬ ಮಾತು ತಂದೆಯವರು ಹೇಳಿದ್ದಲ್ಲ, ನಾನು ಸೇರಿಸಿದ್ದು.

ವರ್ಷದ ಕೊನೆಗೆ ಸರ್ ಅವರ ಹಂಗಾಮಿ ಕೆಲಸವನ್ನು ಮುಂದುವರಿಸಲಿಲ್ಲ. ಅವರು ರಾಣೆಬೆನ್ನೂರಿಗೆ ಹೋಗಿ ಹತ್ತಿ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರೆಂದು ಕೇಳಿದೆ. ಅಲ್ಲಿ ಹಗಲೆಲ್ಲ ಖಾತೆಕಿರ್ದಿ, ಸಂಜೆ ಹುಡುಗರ ಜೊತೆ ಬಯಲು. ಕಾಸು ಮುಟ್ಟದೆ ಮೂವತ್ತು ವರ್ಷ ಕಲಿಸಿದರಂತೆ. ತರುಣರು ತಂದ ಪಟ್ಟಿಯಲ್ಲಿ ಅರ್ಧಕ್ಕರ್ಧ ಅವರ ಶಿಷ್ಯರು, ಇಲ್ಲವೆ ಶಿಷ್ಯರ ಶಿಷ್ಯರು.

ನಮ್ಮ ದೇಶದಲ್ಲಿ ಆಟಗಾರರಿಗೆ ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಕಲಿಸುವವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಶಿಷ್ಯನಿಗೆ ಹಾರ ಬಿದ್ದ ಮೇಲೆ ಗುರುವಿನ ನೆನಪಾಗಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ನಮ್ಮ ರಾಜ್ಯದ ಪ್ರಶಸ್ತಿ ಏಕಲವ್ಯನ ಹೆಸರಿನದು. ಆ ಕಥೆಯಲ್ಲಿ ಗುರು ಶಿಷ್ಯನ ಹೆಬ್ಬೆರಳನ್ನು ಕೇಳಿದ. ನನ್ನ ಕಥೆಯಲ್ಲಿ ಶಿಷ್ಯ ಕೇಳದೆಯೇ ಗುರುವಿನದನ್ನು ತೆಗೆದುಕೊಂಡಿದ್ದ.

ಮಾನಪತ್ರ ಬರೆಯಲು ಮೂರು ರಾತ್ರಿ ಕುಳಿತೆ. ‘ಅಜಾತಶತ್ರು’ ಎಂದು ಬರೆದೆ. ಶತ್ರು ಯಾರೆಂದು ನನಗೆ ಗೊತ್ತಿತ್ತು, ಹೊಡೆದುಹಾಕಿದೆ. ನಾಲ್ಕನೆಯ ದಿನ ಮೋಟೆಬೆನ್ನೂರಿನ ದಾರಿಯಾಗಿ ರಾಣೆಬೆನ್ನೂರಿಗೆ ಬಸ್ಸು ಹತ್ತಿದೆ.

ಸರ್ ಜಗಲಿಯ ಮೇಲೆ ಕುಳಿತಿದ್ದರು. ಎಪ್ಪತ್ತೈದು ದಾಟಿರಬೇಕು, ಮೊಣಕಾಲು ಹಿಡಿದಿದೆ, ಕಣ್ಣು ಚುರುಕಾಗಿದೆ. ನನ್ನ ಹೆಸರು ಹೇಳುವ ಮೊದಲೇ ಗುರುತಿಸಿದರು. ಬಂದ ಕೆಲಸ ಹೇಳಿದೆ. ಆಮೇಲೆ, ತಲೆ ಎತ್ತದೆ, ಅರ್ಜಿಯ ಸಂಗತಿಯನ್ನೂ ಹೇಳಿದೆ.

“ಗೊತ್ತೈತಲೇ. ದಿನಾ ಬೋರ್ಡಿನ ಮ್ಯಾಲೆ ಸುವಿಚಾರ ಬರೀತಿದ್ದಾವ ನೀನ. ಕಮಿಟಿಯವರು ಅರ್ಜಿ ತೋರಿಸಿದ ಕೂಡಲೆ ಅಕ್ಷರ ನಿಂದು ಅಂತ ತಿಳೀತು” ಎಂದರು.

“ನನ್ನನ್ನ ಯಾಕ ಕೇಳಲಿಲ್ರಿ ಸರ?”

“ಹದಿನೈದ ವರ್ಷದ ಹುಡುಗನ್ನ ಏನ ಕೇಳೂದು?” ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ಬ್ಯಾಸರ ಆಗಿತ್ತು. ಭಾಳ ದಿನ ಇತ್ತು” ಎಂದರು.

ನಾನು ಬೇರೆ ಏನನ್ನೋ ನಿರೀಕ್ಷಿಸಿ ಹೋಗಿದ್ದೆ. ‘ಇರಲಿ ಬಿಡು, ಮರೆತೆ’ ಎನ್ನುತ್ತಾರೆಂದುಕೊಂಡಿದ್ದೆ. ಅವರು ಸುಳ್ಳು ಹೇಳಲಿಲ್ಲ. ಹತ್ತು ಅಡಿ ಎಂದರೆ ಹತ್ತೇ ಅಡಿ.

ಹೊರಡುವಾಗ ಕರೆದು, “ಎಲಿಮರಿ ಕಾಯಿ ಅಂತ ಬರೀಬ್ಯಾಡ ಮತ್ತ. ಬಟಾಬಯಲಾಗ ನಿಂತಾವ ನಾ, ಯಾವ ಎಲಿ, ಯಾವ ಮರಿ?” ಎಂದು ನಕ್ಕರು.

ಸಮಾರಂಭ ಹಾವೇರಿಯಲ್ಲಿ ಚೆನ್ನಾಗಿಯೇ ನಡೆಯಿತು. ಹಾವೇರಿಯ ಏಲಕ್ಕಿ ಹಾರ ಪ್ರಸಿದ್ಧವಾದದ್ದು. ಅಲ್ಲಿನ ಕುಶಲಿಗರು ಏಲಕ್ಕಿಯನ್ನು ಬಿಳುಪು ಮಾಡಿ ಬಣ್ಣದ ನೂಲಿನಲ್ಲಿ ಕಟ್ಟುತ್ತಾರೆ. 2023ರ ಜನವರಿಯಲ್ಲಿ ಎಂಬತ್ತಾರನೆಯ ಸಾಹಿತ್ಯ ಸಮ್ಮೇಳನ ನಡೆದದ್ದೂ ಇದೇ ಊರಿನಲ್ಲಿ. ಹೂವಿನ ಹಾರ ಮರುದಿನ ಬಾಡುತ್ತದೆ. ಇದು ವರ್ಷಗಟ್ಟಲೆ ಗೋಡೆಯ ಮೇಲಿರುತ್ತದೆ. ಆಡಿದವರಿಗೆ, ಕಲಿಸಿದವರಿಗೆ, ಬಯಲು ಸ್ವಚ್ಛ ಮಾಡಿ ಗೆರೆ ಎಳೆಯುತ್ತಿದ್ದ ಮುದುಕನೊಬ್ಬನಿಗೂ ಹಾರ ಬಿತ್ತು. ಆ ಮುದುಕನ ಹೆಸರು ಕೂಗಿದಾಗ ಮೊದಲು ಚಪ್ಪಾಳೆ ತಟ್ಟಿದವರು ಸರ್.

ಅವರ ಮಾನಪತ್ರ ಏಳೇ ಸಾಲಿನದು. ಕಂಬ ನೆಟ್ಟದ್ದು, ಗೆರೆ ಎಳೆದದ್ದು, ಕೆಲಸ ಹೋದದ್ದು, ಕಲಿಸುವುದನ್ನು ಬಿಡದೆ ಇದ್ದದ್ದು. ಇಷ್ಟು ಚಿಕ್ಕದಾಯಿತಲ್ಲ ಎಂದು ಕೆಲವರು ಮುಖ ಸಣ್ಣದು ಮಾಡಿದರು. ಸರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಿಲಲ್ಲಿಟ್ಟುಕೊಂಡರು.

ಊಟದ ಪಂಕ್ತಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಹೇಳಿದರು: “ಇನ್ನೊಂದ ಕೆಲಸ ಐತಿ ನಿನ್ನ ಕಡೆ. ನಮ್ಮ ಬಯಲಾಗ ದೀಪ ಇಲ್ಲ. ಹುಡುಗ್ರು ಕಾಲೇಜು, ಕೆಲಸ ಮುಗಿಸಿಕೊಂಡು ಬರೂದ್ರಾಗ ಕತ್ತಲ ಆಗತೈತಿ. ನಿನ್ನ ಅಕ್ಷರ ಚಲೋ ಐತಿ. ಒಂದ ಅರ್ಜಿ ಬರಕೊಡು.”

ಅಂದು ರಾತ್ರಿಯೇ ಬರೆದೆ. ಅಚ್ಚಿನಲ್ಲಿ ಅಲ್ಲ, ಕೈಯಲ್ಲಿ. ‘ದೀಪ ಹಚ್ಚುವ ಹೊತ್ತಾದ ಮೇಲೆಯೂ ಮಕ್ಕಳು ಆಡಲು ಅನುಕೂಲವಾಗುವಂತೆ ನಾಲ್ಕು ದೀಪಗಳನ್ನು ಹಾಕಿಸಿಕೊಡಬೇಕಾಗಿ ವಿನಂತಿ.’ ಕೆಳಗೆ ಮೊದಲನೆಯ ಸಹಿ ಈ ಸಲ ನನ್ನದು.

ದೀಪಗಳು ಇನ್ನೂ ಬಂದಿಲ್ಲ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ವಿಚಾರಿಸಿಕೊಂಡು ಬರುತ್ತೇನೆ.