ಸನದಿಲ್ಲದ ಸುದ್ದಿ

ಕಥೆ ಬರೆಯುವ ನಮಗೆ ಕೊನೆಯ ಸಾಲಿನ ಬೆಲೆ ಗೊತ್ತು. ಅದನ್ನು ಕಿತ್ತು ಹಾಕಿದರೆ ಕನಿಕರದ ಕಥೆಯೂ ಕ್ರೌರ್ಯದ ಕಥೆಯಾಗಬಲ್ಲದು. 2018ರಲ್ಲಿ ನಮ್ಮ ನಾಡಿನಲ್ಲಿ ಆದದ್ದು ಅದೇ.

ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಒಂದು ಆ ವರ್ಷ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಅದು ಇಲ್ಲಿಯದಾಗಿರಲಿಲ್ಲ. ಮಕ್ಕಳ ರಕ್ಷಣೆಯ ಬಗ್ಗೆ ಹೆತ್ತವರನ್ನು ಎಚ್ಚರಿಸಲು ಕರಾಚಿಯ ಸಂಸ್ಥೆಯೊಂದು ಮಾಡಿಸಿದ್ದ ಕಿರುಚಿತ್ರವದು. ಮೂಲದಲ್ಲಿ ಅವರು ಮರಳಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಯಾರೋ ಆ ಭಾಗವನ್ನು ಕತ್ತರಿಸಿದರು. ಉಳಿದದ್ದು ಭಯ ಮಾತ್ರ.

ಮಕ್ಕಳ ಕಳ್ಳರ ವದಂತಿ ಊರೂರು ಸುತ್ತಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಯಿತು. ಅವರ ಕಾರಿಗಿಂತ ಮೊದಲೇ ಸುದ್ದಿ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ತರುಣ ಎಂಜಿನಿಯರೊಬ್ಬನ ಪ್ರಾಣ ಹೋಯಿತು. ಮಕ್ಕಳ ಮೇಲಿನ ಮಮತೆಯೇ ಮನುಷ್ಯರ ಕೈಗೆ ಕಲ್ಲು ಕೊಡುತ್ತದೆಯೆಂದರೆ ಇದಕ್ಕಿಂತ ದೊಡ್ಡ ದುರಂತ ಯಾವುದಿದೆ?

ಉರ್ದು ಓದಿ ಬೆಳೆದ ನಮಗೆ ಇಲ್ಲಿ 'ಸನದು' ಎಂಬ ಪದ ನೆನಪಾಗುತ್ತದೆ. ಕನ್ನಡಕ್ಕೂ ಅದು ಹೊಸದಲ್ಲ. ಹಳೆಯ ದಫ್ತರಗಳಲ್ಲಿ ಅಧಿಕಾರಪತ್ರಕ್ಕೆ ಹಾಗೆನ್ನುತ್ತಿದ್ದರು. ಹದೀಸ್ ವಿದ್ವಾಂಸರಿಗೆ ಸನದು ಎಂದರೆ, ಈ ಮಾತನ್ನು ಯಾರು ಯಾರಿಂದ ಕೇಳಿದರು ಎಂಬ ಹೆಸರುಗಳ ಸರಪಳಿ. ಮಾತು ಎಷ್ಟೇ ಚೆಲುವಾಗಿರಲಿ, ಒಂದು ಕೊಂಡಿ ಕಳಚಿದ್ದರೆ ಅವರು ಅದನ್ನು ದುರ್ಬಲವೆಂದರು. 9ನೇ ಶತಮಾನದಲ್ಲಿ ಇಮಾಮ್ ಬುಖಾರಿ ಈ ಕೊಂಡಿಗಳನ್ನು ಹುಡುಕಿಕೊಂಡು ದೇಶದೇಶ ಅಲೆದರು. ಇಂದಿನ ಫಾರ್ವರ್ಡಿಗೆ ಕಾಲುಗಳಿವೆ, ಸನದಿಲ್ಲ. ಕಳಿಸಿದವರ ಹೆಸರು ಕಾಣುತ್ತದೆ, ಹುಟ್ಟಿಸಿದವರದು ಕಾಣುವುದಿಲ್ಲ.

"ಜನರೇ ಹೀಗೆ, ಯಂತ್ರವೇನು ಮಾಡೀತು?" ಎಂದು ಕೇಳುವವರಿದ್ದಾರೆ. ಆ ಸಾವುಗಳ ನಂತರ, 2018ರ ಜುಲೈಯಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ 5 ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಾಯಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂದಿತು. ಅಂಥ ಸಂದೇಶಗಳು ಶೇ. 70ರಷ್ಟು ಇಳಿದವೆಂದು ಕಂಪೆನಿಯೇ ಹೇಳಿತು. ಅಷ್ಟರಲ್ಲಿ ನಮ್ಮ ಮನಸ್ಸುಗಳೇನೂ ಬದಲಾಗಿರಲಿಲ್ಲ. ಬದಲಾದದ್ದು ಒಂದು ಗುಂಡಿ. ಅಂದರೆ ಅಂತರ್ಜಾಲ ಹೀಗೇ ಇರಬೇಕೆಂಬ ವಿಧಿಲಿಖಿತವೇನಿಲ್ಲ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನೋಡಿ. ಅಲ್ಲಿಯೂ ತಪ್ಪುಗಳಿವೆ. ಆದರೆ ಪ್ರತಿ ಪುಟದ ಹಿಂದೆ ಯಾವ ಸಾಲು ಎಂದು ಬದಲಾಯಿತು, ಯಾವ ಖಾತೆಯಿಂದ ಬದಲಾಯಿತು ಎಂಬ ಇತಿಹಾಸವಿದೆ. ತಿದ್ದಲು, ವಾದಿಸಲು ಜಾಗವಿದೆ. ಜಾಹೀರಾತಿಲ್ಲ, ಹಾಗಾಗಿ ನಮ್ಮ ಸಿಟ್ಟಿನಿಂದ ಅದಕ್ಕೆ ಲಾಭವೂ ಇಲ್ಲ.

ಇನ್ನೂ ಮುಂದೆ ಹೋಗಿ ಕಲ್ಪಿಸಿಕೊಳ್ಳೋಣ. ಸಾವಿರ ಮನೆ ತಟ್ಟುವ ಸುದ್ದಿ ತನ್ನ ಹುಟ್ಟೂರನ್ನು ಹೇಳಲಿ. ಸುಳ್ಳು ಹೋದ ಮನೆಗಳಿಗೆಲ್ಲ ತಿದ್ದುಪಡಿಯೂ ಹೋಗಲಿ. ಹಾಗೆಂದು ಇಬ್ಬರು ಗೆಳತಿಯರ ಗುಟ್ಟಿನ ಮಾತಿಗೆ ಯಾರೂ ಸನದು ಕೇಳಬಾರದು. ಕೇಳಬೇಕಾದದ್ದು ಸಂತೆಗೆ ಬಂದ ಮಾತಿಗೆ.

ಅಂಥ ಅಂತರ್ಜಾಲ ಬರುವ ತನಕ ಯಂತ್ರ ಕೇಳದ ಪ್ರಶ್ನೆಗಳನ್ನು ನಾವೇ ಕೇಳಬೇಕು. ಇದನ್ನು ನಿಮಗೆ ಹೇಳಿದವರು ಯಾರು? ಅವರಿಗೆ ಹೇಳಿದವರು ಯಾರು? ಇದರ ಕೊನೆಯ ಭಾಗ ಎಲ್ಲಿ?