ಕಾರಿನ ಹಿಂದೊಂದು ಶಬ್ದ

ನಮ್ಮ ಮನೆಯ ಕಾರಿನಲ್ಲಿ ಏನೇ ಶಬ್ದ ಬಂದರೂ ಅದು ಕೇಳಿಸುವುದು ನನಗೊಬ್ಬಳಿಗೇ. ನಮ್ಮವರು ಮೂವತ್ತು ವರ್ಷ ತೆಂಗಿನ ನಾರಿನ ಮಿಲ್ಲಿನಲ್ಲಿ ಲೆಕ್ಕ ಬರೆದು, ಅಲ್ಲಿನ ಯಂತ್ರಗಳ ಗದ್ದಲಕ್ಕೆ ಕಿವಿ ಒಪ್ಪಿಸಿ ಬಂದವರು. "ಏನೂಂದ್ರೆ, ಹಿಂದುಗಡೆ ಗುಂಯ್ ಅನ್ನುತ್ತೆ" ಎಂದರೆ, "ಗುಂಡಣ್ಣನಾ? ಯಾವಾಗ ಬಂದ?" ಎನ್ನುತ್ತಾರೆ. ಹೀಗಾಗಿ ಕಾರು ಓಡಿಸುವವಳೂ ನಾನೇ, ಅದರ ಕಷ್ಟ ಕೇಳುವವಳೂ ನಾನೇ.

ಕಾರೆಂದರೆ ದೊಡ್ಡದೇನಲ್ಲ, ಮಾರುತಿ 800. 1983ರಲ್ಲಿ ಅದು ಮೊದಲು ಬಂದಾಗ ನಾನು ಹೈಸ್ಕೂಲಿನ ಹುಡುಗಿ. 2014ರಲ್ಲಿ ಅದರ ತಯಾರಿಕೆಯೇ ನಿಂತಾಗ, ನಾವು ಸೆಕೆಂಡ್ ಹ್ಯಾಂಡ್ ಕೊಂಡು ಮೂರು ವರ್ಷವಾಗಿತ್ತು.

ಶಬ್ದ ಶುರುವಾದಾಗ ಮಗಳು ಹೆರಿಗೆಗೆ ಬಂದಿದ್ದಳು. ಡಾಕ್ಟರು ಕೊಟ್ಟ ತಾರೀಖಿಗೆ ಇನ್ನು 18 ದಿನ. ತೋರಿಸುತ್ತಿದ್ದುದು ತುಮಕೂರಿನಲ್ಲಿ, ತಿಪಟೂರಿನಿಂದ ಸುಮಾರು 70 ಕಿಲೋಮೀಟರು. ನೋವು ಹೊತ್ತು ಗೊತ್ತು ನೋಡಿಕೊಂಡು ಬರುತ್ತದೆಯೆ?

ಮೆಕ್ಯಾನಿಕ್ ಹುಡುಗ ಒಳ್ಳೆಯವನೇ. ಆದರೆ ಮಾತಾಡುತ್ತಿರುವವಳು ನಾನು, ಅವನು ನೋಡುವುದು ನಮ್ಮವರ ಮುಖ. "ಡಿಕ್ಕೀಲಿ ಕಾಯಿ ಉರುಳ್ತಿರುತ್ತೆ ಮಿಸ್. ನಮ್ ಕಡೆ ಗಾಡಿಗಳೆಲ್ಲ ಅಷ್ಟೇಯ" ಎಂದು ನಕ್ಕ. ನಮ್ಮವರೂ ನಕ್ಕರು. ಅವರಿಗೇನು ಕೇಳಿಸಿತೋ!

ಮನೆಗೆ ಬಂದು ಡಿಕ್ಕಿ ಬರಿದು ಮಾಡಿದೆ. ಜಾಕು, ಮುರಿದ ಛತ್ರಿ, ಒಂದು ಹಳೇ ಗೋಣಿಚೀಲ, ಅದರ ಕೆಳಗೆ ನಿಜವಾಗಿಯೂ ಒಂದು ತೆಂಗಿನಕಾಯಿ. ಮಾನ ಹೋದಂತಾಯಿತು. ಆದರೆ ಮತ್ತೆ ಓಡಿಸಿ ನೋಡಿದರೆ ಲೊಡಲೊಡ ನಿಂತಿತ್ತೇ ಹೊರತು ಗುಂಯ್ ಹಾಗೇ ಇತ್ತು.

ಆ ಕಾಯಿಯನ್ನು ಕೈಗೆತ್ತಿಕೊಂಡವಳು ಕಿವಿಯ ಬಳಿ ಅಲ್ಲಾಡಿಸಿದೆ. ನಮ್ಮ ಸೀಮೆಯ ಹೆಂಗಸರ ಚಾಳಿ ಅದು. ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಬಿದ್ದಿದ್ದ ಕಾಯಲ್ಲಿ ನೀರು ಇಂಗಿ, ತಿರುಳು ಕರಟ ಬಿಟ್ಟು ಲೊಡಲೊಡ ಎಂದಾಗಲೇ ಸುಲಿದು ಒಡೆಯಬೇಕು. ಆಗ ಉಂಡೆ ಕೊಬ್ಬರಿ. ಆತುರಪಟ್ಟರೆ ತಿರುಳು ಕರಟಕ್ಕೆ ಕಚ್ಚಿಕೊಂಡು ಚೂರಾಗುತ್ತದೆ, ಹರಾಜಿನಲ್ಲಿ ಕೇಳುವವರಿಲ್ಲ. ನಮ್ಮತ್ತೆ ಓದು ಬಾರದವರು. ಅಟ್ಟದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಅಲ್ಲಾಡಿಸಿ, "ಇದು ಇನ್ನೆರಡು ತಿಂಗಳು ಇರಲಿ, ಇದು ಆಗೈತೆ" ಎಂದು ಬೇರೆ ಮಾಡುತ್ತಿದ್ದರು. ತಪ್ಪಿದ್ದು ಅಪರೂಪ. ಕೆಳಗೆ ಜಗಲಿಯ ಮೇಲೆ ಮಾವನವರು ಅದನ್ನೇ ತಮ್ಮ ಮಾತೆಂಬಂತೆ ವ್ಯಾಪಾರಿಗೆ ಹೇಳುತ್ತಿದ್ದರು. ಅತ್ತೆ ಒಂದು ದಿನವೂ ಅದಕ್ಕೆ ಎದುರಾಡಲಿಲ್ಲ. ನನಗೇ ಹೊಟ್ಟೆಯುರಿ.

ಮರುದಿನ ಭಾನುವಾರ ಒಬ್ಬಳೇ ಕಿಬ್ಬನಹಳ್ಳಿ ಕ್ರಾಸಿನಿಂದ ತುರುವೇಕೆರೆ ರಸ್ತೆಗೆ ಕಾರು ಬಿಟ್ಟೆ. 40ರ ಒಳಗೆ ಶಬ್ದವಿಲ್ಲ. 50ಕ್ಕೆ ಗುಂಯ್. ಅದೇ ವೇಗದಲ್ಲಿ ಗೇರು ನ್ಯೂಟ್ರಲ್ ಮಾಡಿದರೂ ಗುಂಯ್, ಅಂದಮೇಲೆ ಎಂಜಿನ್ನಿನದಲ್ಲ. ಈ ಕಾರಿನಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಹಿಂದಿನವು ಸುಮ್ಮನೆ ಉರುಳಿ ಬರುತ್ತವೆ. ಬಲಕ್ಕೆ ತಿರುಗಿಸಿದರೆ ಶಬ್ದ ಜಾಸ್ತಿ, ಎಡಕ್ಕೆ ತಿರುಗಿಸಿದರೆ ಇಲ್ಲವೇ ಇಲ್ಲ. ಬಸ್ಸಿನಲ್ಲಿ ನಿಂತು ಸ್ಕೂಲಿಗೆ ಓಡಾಡಿದವರಿಗೆ ಇದು ತಿಳಿಯದ್ದೇನಲ್ಲ: ಬಸ್ಸು ಬಲಕ್ಕೆ ತಿರುಗಿದರೆ ಜನವೆಲ್ಲ ಎಡಕ್ಕೆ ವಾಲುತ್ತಾರೆ. ಭಾರ ಬಿದ್ದಾಗ ನರಳುತ್ತಿರುವುದು ಎಡ ಚಕ್ರ. ಟೈರಿನದ್ದಿರಬಹುದೆ ಎಂದು ಪಂಕ್ಚರ್ ಅಂಗಡಿಯಲ್ಲಿ ಸ್ಟೆಪ್ನಿ ಹಾಕಿಸಿ ನೋಡಿದೆ. ಗುಂಯ್ ಜಗ್ಗಲಿಲ್ಲ.

ಇಷ್ಟನ್ನೂ ನೋಟ್ ಬುಕ್ಕಿನ ಹಾಳೆಯಲ್ಲಿ ಬರೆದು ಮೆಕ್ಯಾನಿಕ್ ಮುಂದಿಟ್ಟೆ. ಅವನು ಪ್ರಶ್ನೆಪತ್ರಿಕೆ ಓದುವವನಂತೆ ಎರಡು ಸಲ ಓದಿದ.

"ಹಿಂದೆ ಕೂತ್ಕೊಳಪ್ಪ, ನಾನು ಓಡಿಸ್ತೀನಿ" ಎಂದೆ.

ಎರಡು ಮೈಲಿ ಹೋಗುವಷ್ಟರಲ್ಲಿ ಅವನ ನಗು ಹೋಗಿತ್ತು. ಜಾಕು ಕೊಟ್ಟು ಎತ್ತಿ ಚಕ್ರ ತಿರುವಿದ, ಗರಗರ ಎಂದಿತು. ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ, ಹಾಲುಹಲ್ಲಿನಂತೆ ಆಡಿತು. ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗೆ ಬೇರಿಂಗು ತುಕ್ಕು, ಗ್ರೀಸಿನ ಪಸೆಯೇ ಇಲ್ಲ. ತಪ್ಪು ನಮ್ಮದೇ. ಹಿಂದಿನ ಮಳೆಗಾಲದಲ್ಲಿ ಅರ್ಧ ಚಕ್ರದ ನೀರಿನಲ್ಲಿ ಹಳ್ಳ ದಾಟಿಸಿದ್ದೆವು. ಆಮೇಲೆ ಬಿಚ್ಚಿಸಿ ನೋಡಿರಲಿಲ್ಲ.

"ಇನ್ನೊಂದಷ್ಟು ದಿನ ಬಿಟ್ಟಿದ್ರೆ ದಾರೀಲೇ ಚಕ್ರ ಹಿಡ್ಕೊಂಡುಬಿಡೋದು ಮಿಸ್" ಎಂದ. ಈ ಸಲ ನನ್ನ ಮುಖ ನೋಡಿಯೇ ಹೇಳಿದ. ಬಿಲ್ಲನ್ನು ಮಾತ್ರ ನಮ್ಮವರ ಹೆಸರಿಗೆ ಬರೆದ. ಹೊಡೆದುಹಾಕಿಸಿ ನನ್ನ ಹೆಸರು ಬರೆಸಿದೆ.

ಹನ್ನೊಂದನೆಯ ದಿನ, ರಾತ್ರಿ ಎರಡು ಗಂಟೆಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ಕಿಬ್ಬನಹಳ್ಳಿ ಕ್ರಾಸ್, ನಿಟ್ಟೂರು, ಗುಬ್ಬಿ, ರಸ್ತೆಯಲ್ಲಿ ಲಾರಿಗಳು ಬಿಟ್ಟರೆ ಯಾರಿಲ್ಲ. ಹಿಂದಿನಿಂದ ಬರುತ್ತಿದ್ದ ಶಬ್ದ ಅವಳ ನರಳಾಟವೊಂದೇ. ಅದೂ ಎಷ್ಟು ನಿಮಿಷಕ್ಕೊಮ್ಮೆ ಎಂದು ಎಣಿಸುತ್ತ ಓಡಿಸಿದೆ. ಪಕ್ಕದಲ್ಲಿ ನಮ್ಮವರು, "ಮಲಗಿಬಿಟ್ಟಳೇನೋ, ಸದ್ದೇ ಇಲ್ಲ" ಎಂದರು.