ಬೋರ್ಡ್ ಬದಲಾಯ್ತು, ಬಾಕಿ ಯಾರು ಕೊಡ್ತಾರೆ?

ಈ ಸಲ ಹುಳ, ಗೊಬ್ಬರ, ಡ್ರಿಪ್ಪಿನ ವಿಷಯ ಅಲ್ಲ. ಹೆಸರಿನ ವಿಷಯ. ಸ್ವಲ್ಪ ಉದ್ದ ಇದೆ, ತೋಟಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕೂತಾಗ ಓದಿ.

ನಮ್ಮ ರೈತ ಉತ್ಪಾದಕ ಕಂಪನಿಗೆ ಹೊಸ ಹೆಸರು ಇಡಬೇಕು ಅಂತ ಎರಡು ತಿಂಗಳಿಂದ ಮಾತು ನಡೀತಿದೆ. ಹೋಬಳಿ ಹೆಸರು ಇಟ್ಕೊಂಡ್ರೆ ಬೆಂಗಳೂರಲ್ಲಿ ಯಾರೂ ಪ್ಯಾಕೆಟ್ ಕೈಗೆ ಎತ್ತಿಕೊಳ್ಳಲ್ಲ, ಬಾಯಿಗೆ ಸುಲಭವಾದ ಇಂಗ್ಲಿಷ್ ಹೆಸರು ಬೇಕು ಅನ್ನೋದು ಹುಡುಗರ ವಾದ. ಇಷ್ಟು ವರ್ಷ ಕಟ್ಟಿದ ಹೆಸರನ್ನ ಯಾಕೆ ಬಿಡಬೇಕು ಅನ್ನೋದು ಹಿರಿಯರ ವಾದ. ಮುಂದಿನ ಸಭೆಯಲ್ಲಿ ಕೈ ಎತ್ತಬೇಕು. ಅದಕ್ಕೆ ಮುಂಚೆ ನಾನು ಕಂಡಿದ್ದು, ಕೇಳಿದ್ದು ಬರೆದಿಡ್ತೀನಿ.

ನಿಮಗೆ ಗೊತ್ತಿರೋ ಹಾಗೆ ನಾನು ಶನಿವಾರ ಶನಿವಾರ ಸೊಪ್ಪು, ತರಕಾರಿ ತಗೊಂಡು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಒಂದಷ್ಟು ಮನೆಗಳಿಗೆ ಹೋಗ್ತೀನಿ. ಹಳೇ ಬೆಂಗಳೂರಿನ ಜನ. ಅಂಗಡಿಗಳು ಹುಟ್ಟಿದ್ದು, ಮುಚ್ಚಿದ್ದು, ಹೆಸರು ಬದಲಾಯಿಸಿದ್ದು ಎಲ್ಲಾ ಕಂಡವರು. ಹೋದ ಎರಡು ವಾರ ಅವರನ್ನೇ ಕೇಳಿದೆ, ಸೂಪರ್ ಮಾರ್ಕೆಟ್ ಹೆಸರು ಬದಲಾದ್ರೆ ನಿಮಗೆ ಏನನ್ನಿಸುತ್ತೆ ಅಂತ.

ಬಸವನಗುಡಿಯ ಒಬ್ಬ ಅಜ್ಜಿ ಜೋರಾಗಿ ನಕ್ಕುಬಿಟ್ಟರು. "ಫ್ಯಾಬ್‌ಮಾಲ್ ಅಂತ ಇತ್ತಲ್ಲಪ್ಪ, ಅದನ್ನ ಮೋರ್ ಅಂತ ಮಾಡಿದ್ರು. ಮೊರ ಅಂತೆ ಮೊರ, ಅಕ್ಕಿ ಕೇರೋಕಾ ಅಂತ ನಮ್ಮ ಮನೇಲಿ ವರ್ಷಗಟ್ಟಲೆ ತಮಾಷೆ ಮಾಡ್ತಿದ್ವಿ. ಈಗಲೂ ಫ್ಯಾಬ್‌ಮಾಲ್ ಅಂತಲೇ ಬಾಯಿಗೆ ಬರೋದು." ಆ ಹೆಸರು ಹೋಗಿ ಎಷ್ಟೋ ವರ್ಷ ಆಯ್ತು, ಅಜ್ಜಿ ಬಾಯಲ್ಲಿ ಇನ್ನೂ ಹೋಗಿಲ್ಲ.

ಆ ಕಥೆ ನಮಗೂ ಬೇಕಾದ್ದೇ. 1999ರಲ್ಲಿ ಬೆಂಗಳೂರಲ್ಲೇ ಫ್ಯಾಬ್‌ಮಾರ್ಟ್ ಅಂತ ಇಂಟರ್ನೆಟ್ ಅಂಗಡಿಯಾಗಿ ಶುರುವಾಯ್ತು. ಆಮೇಲೆ ಫ್ಯಾಬ್‌ಮಾಲ್ ಅನ್ನೋ ಹೆಸರಲ್ಲಿ ಬೀದಿಗೆ ಬಂತು. ಹೈದರಾಬಾದಿನ ತ್ರಿನೇತ್ರ ಜೊತೆ ಸೇರಿತು. 2007ರಲ್ಲಿ ಆದಿತ್ಯ ಬಿರ್ಲಾದವರು ಕೊಂಡು ಮೋರ್ ಅಂತ ಹೆಸರಿಟ್ಟರು. ಫ್ಯಾಬ್‌ಮಾರ್ಟ್ ಶುರು ಮಾಡಿದವರಲ್ಲೇ ಕೆಲವರು 2011ರಲ್ಲಿ ಮತ್ತೆ ಸೇರಿ ಬಿಗ್‌ಬ್ಯಾಸ್ಕೆಟ್ ಕಟ್ಟಿದರು. ಹೆಸರು ಹೋಯ್ತು, ಜನ ಬೇರೆ ಹೆಸರಲ್ಲಿ ವಾಪಸ್ ಬಂದರು.

ಇದರಲ್ಲಿ ನನಗೆ ತಟ್ಟಿದ ವಿಷಯ ಬೇರೆ. 2018ರಲ್ಲಿ ಬಿರ್ಲಾದವರು ಮೋರ್ ಅನ್ನು ಮಾರಲು ಒಪ್ಪಿದರು. ಕೊಂಡವರು ಸಮಾರಾ ಕ್ಯಾಪಿಟಲ್, ಹಿಂದೆ ಅಮೆಜಾನ್. 2021ರಲ್ಲಿ ಬಿಗ್‌ಬ್ಯಾಸ್ಕೆಟ್ಟಿನ ದೊಡ್ಡ ಪಾಲು ಟಾಟಾ ಕೈಗೆ ಹೋಯ್ತು. 1905ರಿಂದ ಇರೋ ನೀಲಗಿರೀಸ್ 2014ರಲ್ಲಿ ಫ್ಯೂಚರ್ ಗ್ರೂಪಿನ ಪಾಲಾಯ್ತು. ಈ ಮೂರರಲ್ಲೂ ಹೆಸರು ಹಾಗೇ ಉಳೀತು. ಅಜ್ಜಿಯನ್ನ ಕೇಳಿದೆ, ಮಾಲೀಕರು ಬದಲಾಗಿದ್ದು ಗೊತ್ತಾಯ್ತಾ ಅಂತ. "ಇಲ್ವಲ್ಲಪ್ಪ" ಅಂದರು. ಹೆಸರು ಬದಲಾದ್ರೆ ಊರೆಲ್ಲಾ ಮಾತಾಡುತ್ತೆ, ಮಾಲೀಕ ಬದಲಾದ್ರೆ ಪಕ್ಕದ ಬೀದಿಗೂ ಗೊತ್ತಾಗಲ್ಲ. ಇದನ್ನ ಗಂಟು ಹಾಕಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮಲ್ಲೇಶ್ವರದಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಇದ್ದಾರೆ, ವಾರಕ್ಕೆ 2 ಕಟ್ಟು ದಂಟಿನ ಸೊಪ್ಪು ತಪ್ಪದೆ ತಗೋತಾರೆ. ಅವರು ಬಿಗ್ ಬಜಾರ್ ಸುದ್ದಿ ಎತ್ತಿದರು. "ಗೌಡ್ರೆ, ಜನವರಿ 26ರ ರಿಯಾಯಿತಿಗೆ ನಾವು ಬೆಳಗ್ಗೆನೇ ಕ್ಯೂ ನಿಲ್ತಿದ್ವಿ. ಒಂದಿನ ಹೋಗಿ ನೋಡಿದ್ರೆ ಬಾಗಿಲು ಹಾಕಿದೆ. ಸ್ವಲ್ಪ ದಿನಕ್ಕೆ ಅದೇ ಕಟ್ಟಡ, ಅದೇ ಹುಡುಗರು, ಸ್ಮಾರ್ಟ್ ಬಜಾರ್ ಅಂತ ಬೋರ್ಡು." ಅವರ ಹೆಂಡತಿ ಒಳಗಿಂದಲೇ, "ಬೇಳೆ ಅದೇ, ಚೀಲ ಮಾತ್ರ ಬೇರೆ" ಅಂದರು.

ಚಾಮರಾಜಪೇಟೆಯಲ್ಲಿ ಕಾಲೇಜಿಗೆ ಹೋಗೋ ಒಬ್ಬ ಹುಡುಗಿ ಇನ್ನೊಂದು ಮಾತು ಹೇಳಿದಳು. 2024ರಲ್ಲಿ ಬೋರ್ಡಿನ 60 ಭಾಗ ಕನ್ನಡ ಇರಬೇಕು ಅನ್ನೋ ಕಾನೂನು ಬಿಗಿ ಆಯ್ತಲ್ಲ, ಆಗ ಎಲ್ಲರೂ ಬೋರ್ಡ್ ಬದಲಾಯಿಸಿದರು. "ಅಕ್ಷರ ಕನ್ನಡ ಆಯ್ತು ಅಂಕಲ್, ಹೆಸರು ಇಂಗ್ಲಿಷೇ ಉಳೀತು." ನಮ್ಮ ಹುಡುಗರು ಇದನ್ನ ಓದಲಿ.

ನಗು, ಬೇಜಾರು, ಹಳೇ ನೆನಪು, ಕಾರ್ಡಿನಲ್ಲಿ ಸೇರಿದ್ದ ಪಾಯಿಂಟು ಏನಾಯ್ತು ಅನ್ನೋ ಸಿಟ್ಟು. ಪೇಟೆ ಜನಕ್ಕೆ ಇಷ್ಟೇ, ಮತ್ತು ಅದು ಸರಿಯೇ. ಕೊಳ್ಳೋರು ಕಾಸು ಕೊಟ್ಟು ಸಾಮಾನು ತಗೊಂಡು ಹೋಗ್ತಾರೆ, ಅವರ ಲೆಕ್ಕ ಅವತ್ತಿಗೇ ಮುಗೀತು. ನಮ್ಮದು ಹಾಗಲ್ಲ. ಇವತ್ತು ಕೊಟ್ಟ ಹುರುಳಿಕಾಯಿಗೆ ದುಡ್ಡು ಹದಿನೈದು ದಿನಕ್ಕೋ ತಿಂಗಳಿಗೋ. ಆ ಹದಿನೈದು ದಿನದ ನಡುವೆ ಬೋರ್ಡ್ ಬದಲಾದ್ರೆ?

ಬಿಗ್ ಬಜಾರಿನಲ್ಲಿ ಆಗಿದ್ದನ್ನೇ ನೋಡಿ. 2001ರಲ್ಲಿ ಶುರುವಾದ ಅಂಗಡಿ, ಬೆಂಗಳೂರು ಅದರ ಮೊದಲ ಊರುಗಳಲ್ಲಿ ಒಂದು. ನಡೆಸ್ತಿದ್ದ ಫ್ಯೂಚರ್ ರೀಟೇಲ್ ಕಂಪನಿ ಸಾಲದಲ್ಲಿ ಮುಳುಗಿ ಕಟ್ಟಡಗಳ ಬಾಡಿಗೆ ಕಟ್ಟೋಕೆ ಆಗಲಿಲ್ಲ. ಎಷ್ಟೋ ಕಟ್ಟಡಗಳ ಬಾಡಿಗೆ ಕರಾರು ರಿಲಯನ್ಸ್ ಹೆಸರಿಗೆ ಬಂತು. 2022ರ ಫೆಬ್ರವರಿಯಲ್ಲಿ ರಿಲಯನ್ಸ್ ಆ ಅಂಗಡಿಗಳನ್ನ ತನ್ನ ವಶಕ್ಕೆ ತಗೊಂಡಿತು. ಇಡೀ ವ್ಯಾಪಾರ ಕೊಂಡುಕೊಳ್ಳೋ 24,713 ಕೋಟಿ ರೂಪಾಯಿಯ ಒಪ್ಪಂದ ಏಪ್ರಿಲಿನಲ್ಲಿ ಬಿದ್ದುಹೋಯ್ತು. ಅಂದ್ರೆ ಜಾಗ ಹೊಸಬರ ಕೈಗೆ ಹೋಯ್ತು, ಹಳೇ ಕಂಪನಿ ಅದರ ಸಾಲದ ಸಮೇತ ಹಿಂದೆ ಉಳೀತು. ಅದೇ ವರ್ಷ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತು, 2024ರಲ್ಲಿ ಇದ್ದಬದ್ದ ಆಸ್ತಿ ಮಾರಿ ಮುಗಿಸಿ ಅನ್ನೋ ಆದೇಶ ಬಂತು.

ದಿವಾಳಿಯಲ್ಲಿ ದುಡ್ಡು ಹಂಚೋವಾಗ ಒಂದು ಸಾಲು ಇರುತ್ತೆ. ಅಡಮಾನ ಇಟ್ಕೊಂಡು ಸಾಲ ಕೊಟ್ಟ ಬ್ಯಾಂಕುಗಳು ಮುಂದೆ, ನಂಬಿ ಸರಕು ಕೊಟ್ಟವರು ಎಷ್ಟೋ ಹಿಂದೆ. ಹೊಸ ಬೋರ್ಡಿನ ಕೆಳಗೆ ನಿಂತು ಹಳೇ ಬಾಕಿ ಕೇಳಿದ್ರೆ "ಅದು ನಮ್ಮ ಲೆಕ್ಕ ಅಲ್ಲ" ಅಂತಾರೆ, ಮತ್ತು ಕಾನೂನಿನಲ್ಲಿ ಅದು ನಿಜ. ಮಲ್ಲೇಶ್ವರದ ಸಾರ್ ಕಣ್ಣಿಗೆ ಅದೇ ಕಟ್ಟಡ, ಅದೇ ಹುಡುಗರು. ಸರಕು ಕೊಟ್ಟವನ ಪಾಲಿಗೆ ಅದು ಬೇರೆಯದೇ ಮನೆ.

ಈಗ ನಮ್ಮ ಕಡೆಯ ಎರಡು ಉದಾಹರಣೆ. ಅಂಗಡಿಗಳ ಹೆಸರು ಬೇಡ. ಕೆಲವು ವರ್ಷದ ಹಿಂದೆ ನಾನು ಒಂದು ಚೈನ್ ಅಂಗಡಿಯ ಕಲೆಕ್ಷನ್ ಸೆಂಟರಿಗೆ ನವಿಲುಕೋಸು, ಹುರುಳಿಕಾಯಿ ಹಾಕ್ತಿದ್ದೆ. ಒಂದು ಸೋಮವಾರ ಕ್ರೇಟಿನ ಬಣ್ಣವೇ ಬೇರೆ, ಹೆಸರೇ ಬೇರೆ. ನನ್ನ 9 ಬಿಲ್ಲು, 61,400 ರೂಪಾಯಿ ನಿಂತಿತ್ತು. ತೂಕದ ಹುಡುಗ, "ಅದು ಹಳೇ ಹೆಸರಿನ ಲೆಕ್ಕ ಅಣ್ಣಾ, ನಾವು ಹೊಸಬರು" ಅಂದ. ಮನೆಗೆ ಬಂದು ಬಿ.ಕಾಂ ಓದ್ತಿದ್ದ ಮಗಳಿಗೆ ಹಳೇ ಚೀಟಿ, ಹೊಸ ಚೀಟಿ ಎರಡೂ ಕೊಟ್ಟೆ. ಅವಳು ಹೆಸರು ನೋಡಲಿಲ್ಲ, ಕೆಳಗಿದ್ದ ಜಿಎಸ್‌ಟಿ ನಂಬರ್ ನೋಡಿದಳು. "ಅಪ್ಪಾ, ಎರಡೂ ಒಂದೇ. ಇವರು ಅಂಗಿ ಬದಲಾಯಿಸಿದ್ದಾರೆ, ಮನುಷ್ಯ ಅವನೇ." ಎರಡು ಚೀಟಿಯ ಜೆರಾಕ್ಸ್ ಹಿಡ್ಕೊಂಡು ಅವರ ಆಫೀಸಿಗೆ ಹೋಗಿ ಕೂತೆ. 47 ದಿನಕ್ಕೆ ದುಡ್ಡು ಬಂತು.

ಪಕ್ಕದೂರಿನ ಒಬ್ಬರಿಗೆ ಬರಲಿಲ್ಲ. ಅವರು ಹಾಕ್ತಿದ್ದುದು ಬೇರೆ ಅಂಗಡಿಗೆ, ನಡುವೆ ಒಬ್ಬ ಏಜೆಂಟ್. ಬೋರ್ಡ್ ಬದಲಾದಾಗ ಅಲ್ಲಿ ನಂಬರೂ ಬದಲಾಗಿತ್ತು. ಹಳೇ ಕಂಪನಿಯ ಆಫೀಸಿಗೆ ಬೀಗ, ಏಜೆಂಟ್ ಫೋನ್ ಎತ್ತಲ್ಲ. 1 ಲಕ್ಷ 18 ಸಾವಿರ. ಆ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟಾಗ ರಿಪೇರಿಗೆ ಅಂತ ಕರೆಯೋ ಹಸು ಒಂದನ್ನ ಹೊಡೆದುಬಿಟ್ಟರು. ಬಸವನಗುಡಿಯಲ್ಲಿ ಮೊರ ಅಂತ ನಕ್ಕಿದ್ದನ್ನ ನಾನೂ ನಕ್ಕೆ. ಆದರೆ ಇವರ ಕೊಟ್ಟಿಗೆ ಮುಂದೆ ಹೋಗುವಾಗ ನಗು ಬರಲ್ಲ.

ಅದಕ್ಕೇ ಹೇಳೋದು, ಚೈನ್ ಅಂಗಡಿಗೆ ಹಾಕೋರೆಲ್ಲಾ ಇದನ್ನ ಕಲೀರಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲ 2 ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ 10 ಅಕ್ಷರ ಆ ಕಂಪನಿಯ ಪ್ಯಾನ್ ನಂಬರ್. ಹೆಸರು ಬದಲಾದ ಮೇಲೂ ಆ 10 ಅಕ್ಷರ ಅದೇ ಇದ್ರೆ ಕಂಪನಿ ಅದೇ, ನಿಮ್ಮ ಬಾಕಿ ಅವರ ತಲೆ ಮೇಲೆ. ಬೇರೆ ಇದ್ರೆ ನೀವು ಹೊಸಬರ ಜೊತೆ ವ್ಯಾಪಾರ ಶುರು ಮಾಡ್ತಿದ್ದೀರಿ, ಹಳೇದನ್ನ ಹಳಬರಿಂದ ಬೇಗ ವಸೂಲಿ ಮಾಡ್ಕೋಬೇಕು. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದ್ರೆ ಕಂಪನಿಯ ಅಸಲಿ ಹೆಸರು, ವ್ಯಾಪಾರದ ಹೆಸರು ಎರಡೂ ತೋರಿಸುತ್ತೆ, ನೋಂದಣಿ ಚಾಲ್ತಿಯಲ್ಲಿ ಇದೆಯಾ ರದ್ದಾಗಿದೆಯಾ ಅನ್ನೋದೂ ಗೊತ್ತಾಗುತ್ತೆ. ಲಾಗಿನ್ ಬೇಡ, ಕಾಸು ಬೇಡ. ಬೋರ್ಡಿನ ಮೇಲೆ ಒಂದು ಹೆಸರು, ಚೀಟಿ ಮೇಲೆ ಇನ್ನೊಂದು, ಬ್ಯಾಂಕಿಗೆ ದುಡ್ಡು ಹಾಕೋದು ಮತ್ತೊಂದು ಇರಬಹುದು. ಮೂರನ್ನೂ ಬರೆದಿಡಿ. ತೂಕದ ಚೀಟಿಯನ್ನ ಅವತ್ತೇ ಫೋಟೋ ತೆಗೀರಿ, ಆ ಶಾಯಿ ಎರಡು ತಿಂಗಳಲ್ಲಿ ಮಾಸಿಹೋಗುತ್ತೆ. ಕಂಪನಿ ದಿವಾಳಿಗೆ ಹೋಯ್ತು ಅಂತ ಸುದ್ದಿ ಬಂದ್ರೆ ಮನೇಲಿ ಕೂತು ಬೈಬೇಡಿ. ಬಾಕಿದಾರರು ಅರ್ಜಿ ಹಾಕೋಕೆ ಒಂದು ಕೊನೇ ದಿನ ಇರುತ್ತೆ, ಅಷ್ಟರೊಳಗೆ ಚೀಟಿ ಸಮೇತ ಹಾಕಿ.

ಹೆಸರು ಬದಲಾಯಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅಂತ ಶುರುವಾಯ್ತು. ಆಮೇಲೆ ಎಲ್ಲಾ ಹಣ್ಣು ತರಕಾರಿಯನ್ನ ಸೇರಿಸಿಕೊಂಡಿತು, 1980ರ ದಶಕದಲ್ಲಿ ಹೆಸರೂ ಬದಲಾಯ್ತು. ಅದೇ ಇವತ್ತಿನ ಹಾಪ್‌ಕಾಮ್ಸ್. ನಮ್ಮಪ್ಪ ಕೊನೇ ತನಕ "ದ್ರಾಕ್ಷಿ ಸೊಸೈಟಿ" ಅಂತಲೇ ಅನ್ನೋರು. ಅಂದುಕೊಳ್ಳಲಿ, ಅದರಿಂದ ಯಾರಿಗೂ ನಷ್ಟ ಆಗಲಿಲ್ಲ. ಯಾಕಂದ್ರೆ ಸಂಘ ಅದೇ, ಸದಸ್ಯರು ಅವರೇ, ಲೆಕ್ಕದ ಪುಸ್ತಕ ಅದೇ. ಬೆಳೆ ಜಾಸ್ತಿ ಆಯ್ತು, ಹೆಸರು ಅದಕ್ಕೆ ತಕ್ಕ ಹಾಗೆ ದೊಡ್ಡದಾಯ್ತು. ಹಾಪ್‌ಕಾಮ್ಸ್ ಅನ್ನೋದು ಇಂಗ್ಲಿಷ್ ಅಕ್ಷರ ಜೋಡಿಸಿ ಮಾಡಿದ ಪದ. ಅದರ ಪೂರ್ತಿ ಅರ್ಥ ಮಲ್ಲೇಶ್ವರದ ಸಾರ್‌ಗೂ ಬರಲಿಲ್ಲ. ಆದ್ರೂ ಇಡೀ ಬೆಂಗಳೂರಿಗೆ ಅದು ಅಂದ್ರೆ ಏನು ಅಂತ ಗೊತ್ತು. ಹೆಸರಿಗೆ ಅರ್ಥ ಬರೋದು ಮಾಡಿದ ಕೆಲಸದಿಂದ.

ನಂದಿನಿ ವಿಷಯವೂ ಹಾಗೇ. 2023ರ ಮಾರ್ಚಿನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ ದಹಿ ಅಂತ ಹಾಕಬೇಕು ಅನ್ನೋ ಆದೇಶಕ್ಕೆ ಎಷ್ಟು ವಿರೋಧ ಬಂತು ಅಂದ್ರೆ ವಾಪಸ್ ತಗೊಂಡರು. ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರ್ತೀವಿ ಅಂದಾಗ ಹೋಟೆಲಿನವರ ಸಂಘ ನಂದಿನಿ ಬೆನ್ನಿಗೆ ನಿಂತಿತು. ಫ್ಯಾಬ್‌ಮಾಲ್ ಹೋದಾಗ ಜನ ತಮಾಷೆ ಮಾಡಿದರು, ನಂದಿನಿಗೆ ಕೈ ಹಾಕಿದಾಗ ಸಿಟ್ಟಾದರು. ಒಂದು ಯಾರದ್ದೋ ಅಂಗಡಿ. ಇನ್ನೊಂದರ ಹಿಂದೆ ಹಳ್ಳಿ ಹಳ್ಳಿಯಲ್ಲಿ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕೋ ನಮ್ಮಂಥವರು ಇದ್ದಾರೆ ಅನ್ನೋದು ಪೇಟೆಯವರಿಗೂ ಗೊತ್ತಿತ್ತು.

ಇನ್ನು ನಮ್ಮ ಸಭೆ. ನನ್ನ ಅಭಿಪ್ರಾಯ ಇಷ್ಟು. ಪ್ಯಾಕೆಟ್ ಮೇಲಿನ ಹೆಸರು ಬೇರೆ, ಕಂಪನಿಯ ಹೆಸರು ಬೇರೆ. ಪ್ಯಾಕೆಟ್ಟಿಗೆ ಹುಡುಗರು ಚೆಂದದ ಹೆಸರು ಹುಡುಕಲಿ, ಕನ್ನಡದ್ದಾದರೆ ಇನ್ನೂ ಖುಷಿ. ಬಸವನಗುಡಿ ಅಜ್ಜಿ ಬಾಯಿಗೆ ಬರುತ್ತಾ ಅಂತ ಒಂದ್ಸಲ ಕೇಳಿ ನೋಡೋಣ. ಕಂಪನಿಯ ನೋಂದಣಿ, ಪ್ಯಾನ್, ಸದಸ್ಯರ ಷೇರಿನ ಪುಸ್ತಕ ಮುಟ್ಟೋದು ಬೇಡ. ಮತ್ತೆ ಹೆಸರಿನ ಠರಾವಿನ ಜೊತೆಗೆ ಇನ್ನೊಂದು ಠರಾವು ಆಗಲಿ. ಹೊಸ ಹೆಸರಿನ ಮೊದಲ ಪ್ಯಾಕೆಟ್ ಲಾರಿ ಹತ್ತೋ ಮುಂಚೆ, ಹಳೇ ಹೆಸರಲ್ಲಿ ನಾವೇ ರೈತರಿಗೆ ಕೊಡಬೇಕಾದ ಬಾಕಿಯಲ್ಲಿ ಒಂದು ರೂಪಾಯಿಯೂ ಉಳಿದಿರಬಾರದು. ಚೈನ್ ಅಂಗಡಿಯವರನ್ನ ಕೇಳೋ ಪ್ರಶ್ನೆಯನ್ನ ಮೊದಲು ನಮ್ಮ ಕಂಪನಿಗೇ ಕೇಳ್ಕೊಳ್ಳೋಣ. ಇದಕ್ಕೆ ಒಪ್ಪಿದರೆ ಯಾವ ಹೆಸರಿಗಾದರೂ ನಾನು ಕೈ ಎತ್ತುತ್ತೀನಿ.

ಚೈನ್ ಅಂಗಡಿಗೆ ಹಾಕೋರು ಇವತ್ತು ಸಂಜೆನೇ ಮನೇಲಿರೋ ಚೀಟಿ ತೆಗೆದು ಆ 10 ಅಕ್ಷರ ಒಂದ್ಸಲ ಹೋಲಿಸಿ ನೋಡಿ. ಗೊತ್ತಾಗದಿದ್ರೆ ಭಾನುವಾರ ಡೇರಿ ಹತ್ರ ತಗೊಂಡು ಬನ್ನಿ, ಮಗಳೂ ಇರ್ತಾಳೆ, ಕೂತು ನೋಡೋಣ.